ಬೂಟುಗಾಲಿಗೆ ‘ದಮೇ’

ಮನೆಗೆ ಬಂದವರನ್ನು ದೇವರೆಂದು ಕಾಣುವುದೇ ನಮ್ಮ ಸಂಸ್ಕೃತಿಯ ಸಾರ. ಆದರೆ ಬಂದವರು ಹಿಮ ಮೆತ್ತಿದ ಬೂಟಿನಲ್ಲಿ ನಿಜವಾದ ದೇವರ ಮುಂದೆಯೇ ಓಡಾಡಿದರೆ ಏನು ಮಾಡಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಎಪ್ಪತ್ತರ ದಶಕದ ಒಂದು ಜನವರಿ. ನ್ಯೂಜೆರ್ಸಿಯ ಹ್ಯಾರಿಸನ್ನಿನ ನಮ್ಮ ಬಾಡಿಗೆ ಮನೆಯಲ್ಲಿ, ಮನೆ ಬೆಚ್ಚಗಿಡುವ ರೇಡಿಯೇಟರ್ ಕೆಟ್ಟಿತ್ತು. ಅದರ ಪಕ್ಕದಲ್ಲೇ ದೇವರ ಮಂಟಪ. ರಿಪೇರಿಗೆ ಬರುವ ಕಟ್ಟಡದ ಮೇಲ್ವಿಚಾರಕ ಪ್ರತಿಸಲ ಬೂಟುಗಾಲಲ್ಲೇ ನುಗ್ಗುತ್ತಿದ್ದ. ನಾನು ‘ಪರವಾಗಿಲ್ಲ’ ಎಂದು ಹಲ್ಲುಕಿರಿಯುತ್ತಿದ್ದೆ. ಆಮೇಲೆ ಹೆಂಡತಿ ನೆಲದ ಜೊತೆ ನನ್ನನ್ನೂ ಚೆನ್ನಾಗಿ ತಿಕ್ಕುತ್ತಿದ್ದಳು.

ಅಂದು ಅವನು ಬಂದಾಗ, ಎದುರುಮನೆಯ ಜಪಾನಿ ಮಹಿಳೆ ತನಾಕಾ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬಂದು ನಮ್ಮಲ್ಲಿ ಕಾಫಿ ಕುಡಿಯುತ್ತಿದ್ದರು. ಥಟ್ಟನೆ ಎದ್ದು, ಎರಡೂ ಕೈಗಳನ್ನು ಕತ್ತರಿಯಂತೆ ಅಡ್ಡ ಹಿಡಿದು, ಅವನ ಬೂಟುಗಳನ್ನೇ ದಿಟ್ಟಿಸಿ “ದಮೇ!” ಎಂದರು. ಕೂಡದು ಎಂದರ್ಥವಂತೆ.

“ಇದೇನು ನಿನ್ನ ಮನೆಯಾ?” ಎಂದು ಅವನು ಗುರುಗುಟ್ಟಿದ.

“ನನ್ನದು. ದಮೇ,” ಎಂದೆ. ಆ ಧ್ವನಿ ನನ್ನದೇ ಎಂದು ನಂಬಲು ಕ್ಷಣಕಾಲ ಹಿಡಿಯಿತು.

“ಹಾಗಾದರೆ ಚಳಿಯಲ್ಲೇ ಬಿದ್ದಿರಿ!” ಎನ್ನುತ್ತಾ ಅವನು ಹೊರಟ.

ಅಡುಗೆಮನೆಯಿಂದ ಹೆಂಡತಿ ಕೂಗಿದಳು: “ಇರ್ತೀವಿ ಅಂತ ಹೇಳ್ರೀ!”

ಮೂರು ದಿನ ಕೋಟು ಹಾಕಿಕೊಂಡೇ ಊಟ ಮಾಡಿದೆವು. ನಾಲ್ಕನೆಯ ದಿನ ಅವನು ಬಂದು, ಬೂಟುಗಳನ್ನು ಹೊರಗೆ ಬಿಚ್ಚಿಟ್ಟು, ರೇಡಿಯೇಟರ್ ಸರಿಮಾಡಿ ಹೋದ.