ಒಂಬತ್ತನೇ ಪ್ರಶ್ನಾವಳಿ

ನಮ್ಮ ವಿಭಾಗದ ಹಿರಿಯ ಸಂಶೋಧನಾ ವಿದ್ಯಾರ್ಥಿಗೆ ನಾವಿಟ್ಟ ಹೆಸರು ‘ಪೂರ್ವಸಿದ್ಧತೆ’. ಅವರ ಜೊತೆ ಸೇರಿದವರೊಬ್ಬರು ಈಗ ಅವರಿಗೇ ಮಾರ್ಗದರ್ಶಕರು. ಸಂಶೋಧನೆಯ ವಿಷಯ, ಹೆಂಗಸರ ಮನೆಗೆಲಸ ಮತ್ತು ಬಿಡುವು. ಮೇಜಿನ ಹಿಂದಿನ ಗೋಡೆಯ ತುಂಬ ನಾಲ್ಕು ಬಣ್ಣದ ವೇಳಾಪಟ್ಟಿ. ಅದರಲ್ಲಿ ವೇಳಾಪಟ್ಟಿ ತಿದ್ದುವುದಕ್ಕೇ ಎರಡು ತಿಂಗಳು ಮೀಸಲು. “ಮನೆಮನೆಗೆ ಹೋಗೋದು ಯಾವಾಗ ಸಾರ್?” ಎಂದರೆ, “ಪ್ರಶ್ನೆ ಪಕ್ಕಾ ಆಗ್ದೆ ಯಾರ ಮನೆ ಬಾಗ್ಲೂ ತಟ್ಟಬಾರದು ಕಣ್ರೀ, ಬುನಾದಿ ಮುಖ್ಯ” ಎನ್ನುತ್ತಾರೆ. ಒಂಬತ್ತು ವರ್ಷ ಅಗೆದ ಆ ಬುನಾದಿ ಈಗ ಬಾವಿಯಷ್ಟು ಆಳವಾಗಿದೆ, ನೀರು ಮಾತ್ರ ಬಂದಿಲ್ಲ. ವರ್ಷಕ್ಕೊಮ್ಮೆ ಪ್ರಶ್ನಾವಳಿ ತಿದ್ದುತ್ತಾರೆ. ತಿದ್ದಿದ್ದನ್ನು ಪರೀಕ್ಷಿಸುವುದು ಒಬ್ಬರ ಮೇಲೆ ಮಾತ್ರ, ಮನೆಯಲ್ಲಿ ಜೊತೆಗಿರುವ ಅಕ್ಕನ ಮೇಲೆ. ಆಕೆ ತಮ್ಮನ ಅಂಗಿಗೆ ಇಸ್ತ್ರಿ ಹಾಕುತ್ತಲೇ ಉತ್ತರ ಹೇಳುತ್ತಾರೆ, ಇವರು ಬರೆದುಕೊಳ್ಳುತ್ತಾರೆ. ಮೊನ್ನೆ ಉತ್ತರ ತುಂಬಿದ ಒಂಬತ್ತನೆಯದನ್ನು ಹಳೆಯವುಗಳ ಜೊತೆಗೆ ಹೆಮ್ಮೆಯಿಂದ ನನ್ನ ಕೈಗಿತ್ತರು. ‘ದಿನಕ್ಕೆ ಎಷ್ಟು ಬಿಡುವು?’ ಎಂಬುದಕ್ಕೆ ಮೊದಲ ವರ್ಷ ಎರಡು ಗಂಟೆ ಎಂದಿದ್ದ ಅಕ್ಕ, ಈ ಸಲ ಅರ್ಧ ಗಂಟೆ ಎಂದಿದ್ದರು. ‘ಆಗ ಏನು ಮಾಡುತ್ತೀರಿ?’ ಎಂಬುದರ ಎದುರಿಗೆ, “ತಮ್ಮನ ಪ್ರಶ್ನೆಗಳಿಗೆ ಉತ್ತರ ಹೇಳ್ತೀನಿ” ಎಂದಿತ್ತು. ಪಕ್ಕದಲ್ಲಿ ಇವರದೇ ಕೆಂಪು ಶಾಯಿಯ ಟಿಪ್ಪಣಿ: ‘ಪ್ರಶ್ನೆ ಅರ್ಥವಾಗಿಲ್ಲ, ಮತ್ತೊಮ್ಮೆ ಕೇಳಬೇಕು.’