ಕೈಯಿಲ್ಲದ ದಾಳ

ಗೆಳೆಯನ ಪಗಡೆ ದಾಳಗಳನ್ನು ಕದ್ದೊಯ್ದು ವರ್ನಿಯರ್ ಮಾಪಕದಲ್ಲಿ ಅಳೆದವನು ನಾನು. ಇದನ್ನು ಮೊದಲೇ ಹೇಳಿಬಿಟ್ಟರೆ, ಮುಂದಿನದನ್ನು ಎಷ್ಟು ನಂಬಬೇಕೆಂದು ನೀವೇ ತೀರ್ಮಾನಿಸಬಹುದು.

ದಾವಣಗೆರೆಯ ಅಂಚಿನ ಕರೂರಿನ ಕಾರ್ಖಾನೆಯೊಂದರಲ್ಲಿ ನನ್ನದು ತಪಾಸಣೆಯ ಕೆಲಸ. ಬೋಲ್ಟು ನೆಟ್ಟಗೆ ಕಂಡರೆ ಸಾಲದು, ನೆಟ್ಟಗಿದೆಯೇ ಎಂದು ಅನುಮಾನಿಸಬೇಕು. ಸಂಬಳ ಬರುವುದೇ ಅದಕ್ಕೆ. ಈ ಗುಣ ಗೇಟಿನ ಬಳಿ ಕಳಚಿಟ್ಟು ಬರುವಂಥದ್ದಲ್ಲ. ಮನೆಗೆ ಬೀಗ ಹಾಕಿದ ಮೇಲೆ ನಾನು ಮೂರು ಸಲ ಎಳೆದು ನೋಡುತ್ತೇನೆ; ಬೀದಿಯ ತಿರುವಿನಿಂದ ಮರಳಿ ಬಂದು ನಾಲ್ಕನೆಯ ಸಲ.

ಹರಿಹರದ ಚನ್ನಬಸಪ್ಪ ಶಾಲೆಯ ದಿನಗಳಿಂದ ಗೆಳೆಯ. ಇಪ್ಪತ್ತು ವರ್ಷ ಪ್ರತಿ ಭಾನುವಾರ ಬಸ್ಸು ಹತ್ತಿ ದಾವಣಗೆರೆಗೆ ಬಂದು, ಪಗಡೆ ಹಾಸು ಬಿಡಿಸಿ, ನನ್ನನ್ನು ಸೋಲಿಸಿ, ಮಂಡಕ್ಕಿ ಮಿರ್ಚಿ ತಿಂದು ಹೋಗುತ್ತಿದ್ದ. ಹನ್ನೆರಡು ಬೇಕೆಂದರೆ ಅವನಿಗೆ ಹನ್ನೆರಡೇ. ಒಂದು ಭಾನುವಾರ ಅವನ ಹಿತ್ತಾಳೆ ದಾಳಗಳನ್ನು ಮೆಲ್ಲಗೆ ಜೇಬಿಗಿಳಿಸಿದೆ. ಸೋಮವಾರ ಅಳೆದೆ. ಕೂದಲೆಳೆಯಷ್ಟೂ ಐಬಿಲ್ಲ. ದಾಳದಲ್ಲಿಲ್ಲದ ಐಬು ಕೈಯಲ್ಲಿರಬೇಕೆಂದು ಹೊಳೆಯಿತು. ಮುಂದಿನ ವಾರ ದಾಳ ಮರಳಿಸುತ್ತ ಅವನಿಗೆ ಹಾಗೆಂದೇ ಹೇಳಿದೆ.

"ಕಾರ್ಖಾನ್ಯಾಗ ಅಳೆದ್ಯೇನಲೇ? ನನ್ನೂ ಒಯ್ದು ಅಳೀಬೇಕಿತ್ತು ತಗ," ಎಂದು ಚನ್ನಬಸಪ್ಪ ಚಪ್ಪಲಿ ಮೆಟ್ಟಿದ. ಆಮೇಲೆ ಭಾನುವಾರಗಳು ಬಂದವು, ಅವನು ಬರಲಿಲ್ಲ.

ಅದೇ ವರ್ಷ ಎಸ್.ಎಸ್. ಬಡಾವಣೆಯಲ್ಲಿ ಇಂಟರ್‌ನೆಟ್ ಅಂಗಡಿ ತೆರೆಯಿತು. ಅಲ್ಲೊಂದು ತಾಣ ಸಿಕ್ಕಿತು: ಗುಂಡಿ ಒತ್ತಿದರೆ ಕಂಪ್ಯೂಟರೇ ಆರು ಮುಖದ ದಾಳ ಹಾಕಿ, ಬಿದ್ದ ಅಂಕಿಯನ್ನು ಇಬ್ಬರು ಆಟಗಾರರಿಗೂ ಈಮೇಲ್ ಮಾಡುತ್ತದೆ. ಕೈಯೇ ಇಲ್ಲದ ದಾಳ! ಹರಿಹರಕ್ಕೆ ಫೋನ್ ಮಾಡಿದೆ. ಚನ್ನಬಸಪ್ಪನ ಮನೆಯಲ್ಲೇ ಕಂಪ್ಯೂಟರ್ ಇತ್ತು. "ಆತು, ಅದ್ರಾಗೂ ಸೋಲು," ಎಂದಷ್ಟೇ ಹೇಳಿ ಫೋನಿಟ್ಟ. ಇಬ್ಬರ ಮನೆಯಲ್ಲೂ ಒಂದೊಂದು ಹಾಸು. ಯಾವ ಕಾಯಿ ನಡೆಸಿದೆವೆಂದು ಬರೆದು ತಿಳಿಸುವುದು.

ದಾಳ ಹಾಕುವ ಮುಂಚೆ ಅಂಗೈಯಲ್ಲಿ ಉಜ್ಜಿ, ಉಫ್ ಎಂದು ಊದುವುದು ನನ್ನ ರೂಢಿ. ಇಲ್ಲಿ ಉಜ್ಜಲು ಏನಿದೆ? ಅಭ್ಯಾಸಬಲದಿಂದ ಮೌಸಿನ ಮೇಲೆ ಊದಿದೆ. "ಧೂಳು ಕುಂತೈತೇನ್ರಿ ಸಾರ್? ಒರೆಸ್ಲಾ?" ಎಂದು ಅಂಗಡಿಯವನು ಬಟ್ಟೆ ತಂದ.

ಮೂರು ಆಟವಾಡಿದೆವು. ಮೂರೂ ಸೋತೆ.

ಈಗ ನನ್ನ ಸಂಕಟ ನೋಡಿ. ಕಂಪ್ಯೂಟರ್ ಮೋಸದ್ದಾಗಿರಲೇಬೇಕಿತ್ತು. ಕೈ ಸೋಕಿಸದೆ ಸೋಲಿಸಬಲ್ಲವನಿಗೆ ಕೈಚಳಕ ಯಾಕೆ ಬೇಕು? ಕಂಪ್ಯೂಟರ್ ಸಾಚಾ ಎಂದಾದರೆ ಇಪ್ಪತ್ತು ವರ್ಷ ಅವನೂ ಸಾಚಾ; ನಾನು ಹರಿಹರಕ್ಕೆ ಹೋಗಿ ತಪ್ಪಾಯಿತೆನ್ನಬೇಕು. ಬಸ್ಸಿನಲ್ಲಿ ಅರ್ಧ ಗಂಟೆಯ ಆ ದಾರಿ ಕಾಶಿಗಿಂತ ದೂರ ಕಂಡಿತು.

ಕಂಪ್ಯೂಟರಿನ ಹೊಟ್ಟೆಯೊಳಕ್ಕೆ ವರ್ನಿಯರ್ ಇಳಿಯುವುದಿಲ್ಲ. ವಾರವಿಡೀ ಸಂಜೆ ಕೂತು, ಆಟವಿಲ್ಲದೆ ಸುಮ್ಮನೆ ಗುಂಡಿ ಒತ್ತಿ ಆರುನೂರು ಅಂಕಿ ಬರೆದುಕೊಂಡೆ. ಒಂದರಿಂದ ಆರರವರೆಗೆ ಪ್ರತಿಯೊಂದೂ ನೂರರ ಆಸುಪಾಸು. ಇಷ್ಟು ಸರಿಯಾಗಿದೆ ಎಂದರೆ ಯಾರೋ ಕೂತು ಸರಿಮಾಡಿರಬೇಕು ಎಂದು ಅದರ ಮೇಲೂ ಅನುಮಾನ ಬಂತು.

ಹಾಳೆಯನ್ನು ಹೆಂಡತಿಗೆ ತೋರಿಸಿದೆ. ಇಪ್ಪತ್ತು ವರ್ಷ ಚಹಾ ತಂದಿಡುತ್ತ ನಮ್ಮ ಆಟ ಕಂಡವಳು.

"ದಾಳ ಎಲ್ಲಾ ಸರಿ ಐತ್ರಿ. ನಿಮಗೆ ಕಾಯಿ ನಡ್ಸಾಕೆ ಬರಲ್ಲ. ಎಷ್ಟು ಬಿದ್ರೂ ಹೊಡೆಸ್ಕೊಳ್ಳೋ ಮನ್ಯಾಗೇ ಒಯ್ದು ಇಡ್ತೀರಿ."

"ಮೊದ್ಲೇ ಯಾಕ ಹೇಳ್ಲಿಲ್ಲ?"

"ನೀವು ಕೇಳಿದ್ದು ಯಾವಾಗ್ಲೂ ದಾಳದ ವಿಷ್ಯ. ಆಟದ ವಿಷ್ಯ ಯಾವತ್ತು ಕೇಳಿದ್ರಿ?"

ಆ ಭಾನುವಾರ ಹರಿಹರದ ಬಸ್ಸು ಹತ್ತಿದೆ. ಬಾಗಿಲಲ್ಲೇ ತಲೆ ತಗ್ಗಿಸಿ, "ತಪ್ಪಾತು ಚನ್ನ. ನಿನ್ನ ಕೈ ಸಾಚಾ," ಎಂದೆ.

ಚನ್ನಬಸಪ್ಪ ನನ್ನ ಮುಖ ನೋಡಿ ಬಾಗಿಲು ಪೂರ್ತಿ ತೆರೆದ. ಆಮೇಲೆ ದನಿ ತಗ್ಗಿಸಿ, "ಒಳಗ ಬಾ, ಕೂಡು. ಅಷ್ಟೇನು ಸಾಚಾ ಇರ್ಲಿಲ್ಲ ಬಿಡಲೇ. ಒಂದೆರಡು ಸಲ ಕೈ ಆಡ್ಸೀನಿ," ಎಂದ.

"ಖರೇನಾ?"

"ನಿನ್ನಾಣೆ."

ಇಬ್ಬರೂ ನಕ್ಕೆವು. ಹಾಸು ಬಿಡಿಸಿದೆವು. ಸೋತೆ.

ಮರಳುವ ಬಸ್ಸಿನಲ್ಲಿ ಮತ್ತೆ ಹುಳ ಹೊಕ್ಕಿತು. ಅವನು ನಿಜಕ್ಕೂ ಕೈ ಆಡಿಸಿದ್ದನೇ? ಅಥವಾ ಬಾಗಿಲಲ್ಲಿ ನಿಂತವನ ಪಾಡು ನೋಡಲಾರದೆ, ಮಾಡದ ತಪ್ಪನ್ನು ತನ್ನ ಮೈಮೇಲೆ ಎಳೆದುಕೊಂಡನೇ? ಎರಡನೆಯದೇ ಇರಬೇಕೆಂದು ನನಗೆ ಬಲವಾದ ಅನುಮಾನ. ಅನುಮಾನದಿಂದ ಮನಸ್ಸು ಹಗುರಾದದ್ದು ಅದೇ ಮೊದಲು.