ಅಪ್ಪ ಗೂಡು ಬಿಟ್ಟು ಬಂದ ದಿನ

ನಾನು ಚಿಕ್ಕವನಿದ್ದಾಗ ಚಳಿಗಾಲದ ಬೆಳಗು ನಮ್ಮೂರಿಗೆ ಬೆಳ್ಳಗೆ ಇಳಿದು ಬರುತ್ತಿತ್ತು. ಅದರಲ್ಲಿ ಮಂಜು ಎಷ್ಟು, ಇಟ್ಟಿಗೆ ಗೂಡಿನ ಹೊಗೆ ಎಷ್ಟು ಎಂದು ಯಾರೂ ಬೇರೆ ಮಾಡಿ ನೋಡಿರಲಿಲ್ಲ. ನಮ್ಮದು ವಸಂತಪುರ. ಆಗ ಅದು ಗುಡ್ಡದ ಮಗ್ಗುಲಲ್ಲಿದ್ದ ಪುಟ್ಟ ಹಳ್ಳಿ. ದೂರದಲ್ಲಿ ಜಯನಗರದ ಹೊಸ ಮನೆಗಳು ಏಳುತ್ತಿದ್ದವು. ಅವಕ್ಕೆ ನಮ್ಮೂರಿನಿಂದ ಗಾಡಿಗಟ್ಟಲೆ ಇಟ್ಟಿಗೆ ಹೋಗುತ್ತಿತ್ತು.

ಅಪ್ಪ ಗೂಡಿಗೆ ಬೆಂಕಿ ಹಾಕುವವರು. ಹಸಿ ಇಟ್ಟಿಗೆಗಳನ್ನು ಮನೆಯೆತ್ತರ ಜೋಡಿಸಿ, ಮೇಲೆ ಕೆಸರು ಮೆತ್ತಿ, ಕೆಳಗಿನ ಬಾಯಿಗಳಿಗೆ ದಿನಗಟ್ಟಲೆ ಬಿಡದೆ ಸೌದೆ ತಳ್ಳಬೇಕು. ನಡುವೆ ಬೆಂಕಿ ತಗ್ಗಿದರೆ ಇಟ್ಟಿಗೆ ಬೇಯದೆ ಹಾಳಾಗುತ್ತಿತ್ತು. ಹಾಗಾಗಿ ಆ ದಿನಗಳಲ್ಲಿ ಅಪ್ಪ ಮನೆಗೇ ಬರುತ್ತಿರಲಿಲ್ಲ. ಅವರ ಅಂಗಿಗೆ, ಕೂದಲಿಗೆ, ನನ್ನನ್ನು ಎತ್ತಿಕೊಳ್ಳುವ ಕೈಗಳಿಗೆ ಸದಾ ಸುಟ್ಟ ಮಣ್ಣಿನ ವಾಸನೆ. ನನಗೆ ಅದೇ ಅಪ್ಪನ ವಾಸನೆ, ಬಲು ಇಷ್ಟ.

ಅಕ್ಕನಿಗೆ ಮಾತ್ರ ಆ ವಾಸನೆ ಆಗಿಬರುತ್ತಿರಲಿಲ್ಲ. ಗಾಳಿ ನಮ್ಮ ಮನೆಯ ಕಡೆ ತಿರುಗಿದರೆ ಸಾಕು, ಅವಳ ಎದೆಯೊಳಗೆ ಯಾರೋ ಸಣ್ಣ ಪೀಪಿ ಊದಿದ ಹಾಗೆ ಸದ್ದು. ಊರವರು ಚಳಿಗೆ ಬಂದ ಉಬ್ಬಸ ಎನ್ನುತ್ತಿದ್ದರು. ಅಮ್ಮ ಬೆನ್ನಿಗೆ ಬಿಸಿ ಎಣ್ಣೆ ತಿಕ್ಕಿ ಕಂಬಳಿ ಹೊದಿಸುತ್ತಿದ್ದಳು.

ಒಂದು ಬೆಳಿಗ್ಗೆ ನಾವಿಬ್ಬರೂ ಅಪ್ಪನಿಗೆ ಬುತ್ತಿ ಒಯ್ದೆವು. ಅಕ್ಕನ ತಲೆಯ ಮೇಲೆ ಮುದ್ದೆ, ಅವರೆಕಾಳಿನ ಸಾರು. ನನ್ನ ಕೈಯಲ್ಲಿ ಅವಳ ಲಂಗದ ಅಂಚು. ದಾರಿಯೇ ಕಾಣಿಸುತ್ತಿರಲಿಲ್ಲ. ಗಿಡಮರಗಳು ಹತ್ತಿರ ಹೋದಾಗ ಹುಟ್ಟಿ, ಹಿಂದೆ ತಿರುಗಿದರೆ ಕರಗಿಹೋಗುತ್ತಿದ್ದವು. ನನಗಂತೂ ಹಾಲಿನೊಳಗೆ ನಡೆದಂತಿತ್ತು. ಗೂಡಿನ ಬಿಸಿ ಮುಖಕ್ಕೆ ತಾಗುವ ಹೊತ್ತಿಗೆ ಅಕ್ಕ ನಿಂತುಬಿಟ್ಟಳು. ಬುತ್ತಿ ಕೆಳಗಿಟ್ಟು, ಮಂಡಿಯ ಮೇಲೆ ಕೈಯೂರಿ ಬಾಯಿ ತೆರೆದಳು. ಪೀಪಿಯ ಸದ್ದೂ ಬರಲಿಲ್ಲ. ಅವಳ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು.

ನಾನು ಕಿರುಚಿದೆ. ಅಪ್ಪ ಸೌದೆ ಎಸೆದು ಓಡಿ ಬಂದರು. ಹಿಂದಿನಿಂದ ಗೂಡಿನ ಯಜಮಾನರು ಕೂಗಿದರು: "ಏಯ್, ಬೆಂಕಿ ಬಿಟ್ಟು ಎಲ್ಗೋಗ್ತೀಯಾ?"

ಅಪ್ಪ ತಿರುಗಿ ನೋಡಲಿಲ್ಲ. ಅಕ್ಕನನ್ನು ಹೆಗಲಿಗೆ ಹಾಕಿಕೊಂಡು ಗುಡ್ಡ ಹತ್ತತೊಡಗಿದರು. ನಾನು ಅವರ ಹಿಂದೆ ಬಂಡೆಗಳ ಮೇಲೆ ತೆವಳಿದೆ. ಸ್ವಲ್ಪ ಮೇಲೆ ಬಂದದ್ದೇ ತಡ, ಆ ಬಿಳುಪಿನಿಂದ ನಮ್ಮ ತಲೆಗಳು ಹೊರಬಂದವು. ನೀಲಿ ಆಕಾಶ, ತಣ್ಣನೆಯ ಗಾಳಿ, ಒದ್ದೆ ಹುಲ್ಲಿನ ಪರಿಮಳ. ಕೆಳಗೆ ಊರಿಗೆ ಊರೇ ಒಂದು ಬಿಳಿ ಕೆರೆಯಲ್ಲಿ ಮುಳುಗಿ ನಿದ್ದೆ ಹೋಗಿತ್ತು.

ಅಪ್ಪ ಅಕ್ಕನನ್ನು ಕೂರಿಸಿ ಬೆನ್ನು ಸವರುತ್ತಾ ಇದ್ದರು. ಎಷ್ಟು ಹೊತ್ತೋ ತಿಳಿಯದು. ಮೆಲ್ಲಗೆ ಪೀಪಿಯ ಸದ್ದು ಕೇಳಿಸಿತು. ಅದು ಕೇಳಿ ನನಗೆ ಅಳು ಬಂತು.

"ಅಪ್ಪ, ನಮ್ಮನೆ ಎಲ್ಲೋಯ್ತು?" ಎಂದಳು ಅಕ್ಕ.

ಅಪ್ಪ ಕೆಳಗೆ ನೋಡಿದರು. ಗೂಡಿನ ಹೊಗೆ ಎಲ್ಲಿಂದ ಎದ್ದು ಎಲ್ಲಿಗೆ ಹೋಗಿ ಮಲಗುತ್ತದೆ ಎಂಬುದು ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು.

"ಅದನ್ನ ಮುಚ್ದೋನು ನಾನೇ ಕಣವ್ವ" ಎಂದರು.

ಇಳಿದು ಬರುವಾಗ ಬೆಂಕಿ ತಗ್ಗಿತ್ತು. ಯಜಮಾನರು ಬೈದರು. ಅಪ್ಪ ತಲೆ ತಗ್ಗಿಸಿ, "ತಪ್ಪಾಯ್ತು ಸ್ವಾಮಿ. ಇನ್ಮೇಲೆ ಈ ಕೆಲ್ಸ ನನ್ ಕೈಲಿ ಆಗಲ್ಲ" ಎಂದಷ್ಟೇ ಹೇಳಿದರು. ಊರಲ್ಲಿ ಬೇರೆ ಕೆಲಸವಿರಲಿಲ್ಲ. ಅಮ್ಮ ಕಣ್ಣೊರೆಸಿಕೊಳ್ಳುತ್ತಲೇ ಪಾತ್ರೆ ಕಟ್ಟಿದಳು. ಊರು ಬಿಟ್ಟು ಜಯನಗರಕ್ಕೆ ಬಂದೆವು; ಅಲ್ಲಿ ಅಪ್ಪ ಗಾರೆ ಕೆಲಸ ಕಲಿತರು. ಅಕ್ಕನ ಉಬ್ಬಸ ಪೂರ್ತಿ ಹೋಗಲಿಲ್ಲ; ಆದರೆ ಅವಳು ಓಡಿದಳು, ಕುಂಟೆಬಿಲ್ಲೆ ಆಡಿದಳು, ನನ್ನನ್ನು ಅಟ್ಟಿಸಿಕೊಂಡು ಬಂದು ಹೊಡೆದಳು.

ಈಗ ನನ್ನ ಮೊಮ್ಮಕ್ಕಳು ಬಿಟಿಎಂ ಲೇಔಟ್‌ನಲ್ಲಿದ್ದಾರೆ. ಮೊಮ್ಮಗಳ ಶಾಲೆಯ ಚೀಲದಲ್ಲಿ ಪೆನ್ಸಿಲ್ ಡಬ್ಬಿಯ ಪಕ್ಕ ಇನ್‌ಹೇಲರ್ ಇರುತ್ತದೆ. ಮೊಮ್ಮಗ ಆಡಲು ಹೋಗುವ ಮುಂಚೆ ಫೋನಿನಲ್ಲಿ ಗಾಳಿ ಹೇಗಿದೆ ಎಂದು ನೋಡುತ್ತಾನೆ. "ನಿಮ್ ಕಾಲದಲ್ಲಿ ಗಾಳಿ ಸಖತ್ತಾಗಿತ್ತಲ್ವಾ ತಾತ?" ಎಂದು ಕೇಳುತ್ತಾರೆ. ಹೌದು ಎನ್ನಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಹೊಗೆ ಒಂದು ಕಡೆ ಏಳುತ್ತಿತ್ತು, ಅದಕ್ಕೆ ಬೆಂಕಿ ಹಾಕಿದವರು ಯಾರೆಂದು ಗೊತ್ತಿತ್ತು. ಇವರ ಹೊಗೆ ಎಲ್ಲರದು. ಎಲ್ಲರದಾದ್ದರಿಂದ ಯಾರದೂ ಅಲ್ಲ.

ಮೊನ್ನೆ ಆಟೋದಲ್ಲಿ ಬರುವಾಗ ಸಿಗ್ನಲ್‌ನಲ್ಲಿ ಸಿಕ್ಕಿಕೊಂಡೆವು. ಸುತ್ತ ನೂರಾರು ಗಾಡಿಗಳ ಗುರುಗುಟ್ಟುವಿಕೆ. ಮೊಮ್ಮಗಳು ಕರವಸ್ತ್ರವನ್ನು ಮೂಗಿನಿಂದ ಸರಿಸಿ ಮುಂದಕ್ಕೆ ಬಾಗಿದಳು.

"ಅಂಕಲ್, ಗ್ರೀನ್ ಬರೋವರೆಗೂ ಇಂಜಿನ್ ಆಫ್ ಮಾಡ್ತೀರಾ?"

ಆಟೋದವನು ಕನ್ನಡಿಯಲ್ಲಿ ಅವಳನ್ನು ನೋಡಿ, ಕೀಲಿ ತಿರುಗಿಸಿದ. ಪಕ್ಕದ ಬೈಕಿನ ಹುಡುಗಿ ನಮ್ಮತ್ತ ನೋಡಿದಳು. ಒಂದು ಕ್ಷಣ ಬಿಟ್ಟು ಆ ಬೈಕೂ ಸುಮ್ಮನಾಯಿತು.